ಸೊಂಟ ಬಂದ ಏಣಿ

ಹನ್ನೊಂದಕ್ಕೆ ಮಾವನನ್ನು ಕರೆತರುವ ಟ್ಯಾಕ್ಸಿ ಬರುವುದಿತ್ತು. ಒಂಬತ್ತೂಕಾಲಿಗೆ, ಬಾಯಲ್ಲಿ ಬ್ರಷ್ಷು ಇಟ್ಟುಕೊಂಡೇ, ಮಾವನ ಕೋಣೆಯ ಬಾಗಿಲಲ್ಲಿ ನಿಂತು ಕೊನೆಯದಾಗಿ ಒಮ್ಮೆ ನೋಡಿಬಿಡೋಣವೆಂದು ನೋಡಿದವನಿಗೆ ಮೇಜಿನ ಮೇಲಿನ ಮಾದರಿ ಹಡಗಿನ ಏಣಿಗೆ ಸೊಂಟ ಬಂದಿರುವುದು ಕಂಡಿತು. ಬಾಯಲ್ಲಿದ್ದ ನೊರೆಯನ್ನು ನುಂಗಿಬಿಟ್ಟ. ಹದಿನೆಂಟು ದಿನ ಆ ಮೇಜಿಗೆ ಮೂಗು ತಾಗಿಸಿಕೊಂಡು ಕೂತಿದ್ದಾಗ ಒಂದೊಂದು ಗಂಟೂ ಕಂಡಿತ್ತು, ಏಣಿ ಕಂಡಿರಲಿಲ್ಲ. ಈಗ ಆರು ಹೆಜ್ಜೆ ದೂರದಿಂದ, ಹಿಂದಿನ ಕಿಟಕಿಯ ಬೆಳಕಿನಲ್ಲಿ, ಏಣಿಯೊಂದೇ ಕಾಣುತ್ತಿತ್ತು. ಮೂರು ಹಾಯಿಕಂಬಗಳಲ್ಲಿ ಹಿಂದಿನದು, ಅದರ ಎಡಮಗ್ಗುಲು. ಕಂಬದ ತಲೆಯಿಂದ ಹಡಗಿನ ಅಂಚಿಗೆ ಆರು ಹಗ್ಗಗಳು ಇಳಿಯುತ್ತವೆ, ಇಳಿಯುತ್ತ ಬೀಸಣಿಗೆಯ ಹಾಗೆ ಅಗಲವಾಗುತ್ತವೆ. ಅವುಗಳ ಮೇಲೆ ಅಡ್ಡಡ್ಡಲಾಗಿ ಇಪ್ಪತ್ತು ಸಾಲು ತೆಳು ದಾರ. ನಿಜವಾದ ಹಡಗಾದರೆ ನಾವಿಕರು ಕಾಲಿಟ್ಟು ಹತ್ತುವ ಮೆಟ್ಟಿಲು. ಪ್ರತಿ ಸಾಲಿಗೂ ಪ್ರತಿ ಹಗ್ಗದ ಮೇಲೆ ಒಂದು ಗಂಟು. ಒಟ್ಟು ನೂರಿಪ್ಪತ್ತು. ಗೆರೆ ಎಳೆದ ಹಾಗೆ ನೇರವಾಗಿ ಇಳಿಯಬೇಕಾಗಿದ್ದ ಅಂಚಿನ ಹಗ್ಗಗಳೆರಡೂ ನಟ್ಟನಡುವೆ ಒಳಕ್ಕೆ ಸೇದಿಕೊಂಡಿದ್ದವು, ಯಾರೋ ಬೆಲ್ಟು ಹಾಕಿ ಬಿಗಿದ ಹಾಗೆ. ಒಂದು ಸಲ ಕಣ್ಣಿಗೆ ಬಿದ್ದ ಮೇಲೆ ಬೇರೇನೂ ಕಾಣಲೊಲ್ಲದು. ಹಡಗೂ ಇಲ್ಲ, ಮೇಜೂ ಇಲ್ಲ, ಬರೀ ಸೊಂಟ. ಮಾವನ ಕಣ್ಣಿನ ಪೊರೆ ತೆಗೆದು ಹೊಸ ಮಸೂರ ಹಾಕಿದ್ದಾರೆ, ಈಗವರಿಗೆ ಎದುರು ಮನೆಯ ಸೂರಿನ ಮೇಲಿನ ಗುಬ್ಬಿಯ ಕೊಕ್ಕು ಕಾಣುತ್ತದಂತೆ ಎಂದು ಹೆಂಡತಿ ನಿನ್ನೆ ಫೋನಿಟ್ಟು ಹೇಳಿದ್ದಳು, ಕಣ್ತುಂಬ ನೀರು ತಂದುಕೊಂಡು. ಆಗ ಅವನೂ ತಲೆಯಾಡಿಸಿ, ಸದ್ಯ, ಒಳ್ಳೇದಾಯ್ತು ಅಂದಿದ್ದ.

ಮಾವ ಮೂವತ್ತನಾಲ್ಕು ವರ್ಷ ಹಡಗುಕಟ್ಟೆಯಲ್ಲಿ ಹಗ್ಗದ ಕೆಲಸ ಮಾಡಿದವರು. ತೋಳಿನ ದಪ್ಪದ ಹಗ್ಗಗಳನ್ನು ಬಿಚ್ಚಿ, ಎಳೆಗೆ ಎಳೆ ಹೆಣೆದು ಒಂದು ಮಾಡುವುದು ಅವರ ಕಸುಬು. ನಿವೃತ್ತಿಯಾದ ಮರುವಾರವೇ ಈ ಹಡಗನ್ನು ಶುರುಮಾಡಿದ್ದರು, ಅಸಲಿ ಹಡಗಿನ ಅರವತ್ತನಾಲ್ಕನೇ ಒಂದು ಪಾಲಿನ ಅಳತೆಗೆ. ಪೇರಳೆ ಮರದ ಪಟ್ಟಿಗಳನ್ನು ಬಿಸಿನೀರಿನಲ್ಲಿ ನೆನೆಸಿ ಬಾಗಿಸಿ ಒಡಲು ಕಟ್ಟಿದ್ದಕ್ಕೇ ಮೂರು ವರ್ಷ. ಆಮೇಲೆ ಹಗ್ಗದ ಕೆಲಸ ಬಂತು, ಅದರ ಜತೆಗೇ ಕಣ್ಣಿಗೆ ಪೊರೆಯೂ ಬಂತು. ಒಪ್ಪಿಕೊಂಡರೆ ತಾನೆ? ಬೆಳಕು ಸಾಲದು ಎಂದು ಬಲ್ಬು ಬದಲಾಯಿಸಿದರು, ದಾರವೇ ಸರಿಯಿಲ್ಲ ಎಂದು ಅಂಗಡಿಯವನಿಗೆ ಬೈದರು, ಕೊನೆಗೆ ಕಣ್ಣುಮುಚ್ಚಿಕೊಂಡು ಬೆರಳಲ್ಲೇ ಕಟ್ಟತೊಡಗಿದರು. ಹಿಂದಿನ ಕಂಬದ ಏಣಿಗಳೆರಡನ್ನೂ ಹಾಗೆ ಬೆರಳಲ್ಲೇ ಕಟ್ಟಿ ಮುಗಿಸಿದ್ದು ಆಸ್ಪತ್ರೆಗೆ ಹೊರಡುವ ಹಿಂದಿನ ದಿನ. ಹೊರಡುವಾಗ ಕೋಣೆಯ ಬಾಗಿಲಲ್ಲಿ, ಇದೇ ಜಾಗದಲ್ಲಿ, ನಿಂತು ಮಗಳಿಗೆ ಹೇಳಿದ್ದರು: "ಬಂದ ಮೇಲೆ ಮೊದಲು ಇದನ್ನ ನೋಡ್ಬೇಕು ಪುಟ್ಟಿ. ನಾನಿನ್ನೂ ಸರಿಯಾಗಿ ನೋಡೇ ಇಲ್ಲ. ನೆಟ್ಟಗಿದ್ರೆ ಕೈ ಇನ್ನೂ ಇದೆ ಅಂತ ಅರ್ಥ, ಹಾಯಿ ಕಟ್ಟೋದೇ. ಇಲ್ದಿದ್ರೆ ಇಲ್ಲಿಗೆ ಸಾಕು." ಅವನು ಪೆಟ್ಟಿಗೆ ಹಿಡಿದುಕೊಂಡು ಹಿಂದೆ ನಿಂತಿದ್ದ. ಆ ಮಾತು ಕಿವಿಗೆ ಬಿದ್ದಿತ್ತು, ಅಷ್ಟೆ. ಮುದುಕರ ಮಾತು, ಏನೋ ಒಂದು ಅಂದುಕೊಂಡಿದ್ದ. ಅವನಿಗೆ ಹೇಳಿದ್ದು ಬೇರೆ: "ಅಳಿಯ ದೇವರೇ, ಕಿಟಕಿ ಹಾಕಿಟ್ಟಿರಿ, ಸಾಕು. ಬೇರೇನೂ ಮಾಡ್ಬೇಡಿ, ಕೈ ಮುಗೀತೀನಿ."

ಕೈ ಮುಗಿದೇ ಹೇಳಿದ್ದರು ಪುಣ್ಯಾತ್ಮ. ಕಿಟಕಿ ಹಾಕುವುದಕ್ಕೇ ಅವನು ಒಳಗೆ ಹೋದದ್ದು, ಎರಡನೇ ದಿನ, ಕೆಲಸಕ್ಕೆ ಹೊರಡುವ ಅವಸರದಲ್ಲಿ. ಕಿಟಕಿಯ ಚಿಲಕ ಹಡಗಿನ ಆಚೆ ಬದಿಗಿತ್ತು. ಕೈ ಚಾಚಿ ಚಿಲಕ ಹಾಕಿ ಕೈ ಹಿಂದಕ್ಕೆ ತೆಗೆದುಕೊಂಡಾಗ ಏನೋ ಹಿಡಿದೆಳೆದಂತಾಯಿತು. ಸಾಮಾನ್ಯವಾಗಿ ಅಂಗಿ ಎಲ್ಲಾದರೂ ಸಿಕ್ಕಿಕೊಂಡರೆ ಮನುಷ್ಯ ಏನು ಮಾಡುತ್ತಾನೋ ಅದನ್ನೇ ಮಾಡಿದ, ಇನ್ನೊಂದು ಸಲ ಜೋರಾಗಿ ಎಳೆದ. ಟಪಟಪ ಎಂದು ಸಣ್ಣ ಸದ್ದು. ಮಣಿಕಟ್ಟಿನ ಗುಂಡಿಗೆ ಜೋತುಬಿದ್ದು ಎಡಮಗ್ಗುಲಿನ ಏಣಿ ಪೂರ್ತಿ ಹೊರಗೆ ಬಂದಿತ್ತು, ಜೇನುಮೇಣದ ವಾಸನೆ ಬೀರುತ್ತ. ಎಷ್ಟು ಹೊತ್ತು ಹಾಗೆ ಕೈ ಮೇಲೆತ್ತಿಕೊಂಡು ನಿಂತಿದ್ದನೋ. ಅಡುಗೆಮನೆಯಿಂದ ಹೆಂಡತಿ "ರೀ, ಹೊತ್ತಾಗ್ಲಿಲ್ವಾ?" ಎಂದು ಕೂಗಿದಾಗ ಅವನ ಬಾಯಿಂದ "ಕಿಟಕಿ ಹಾಕ್ತಿದೀನಿ" ಎಂಬ ಉತ್ತರ ತಾನಾಗಿಯೇ ಬಂತು. ಆಗಲೇ ಅವಳನ್ನು ಒಳಗೆ ಕರೆದಿದ್ದರೆ ಮುಗಿದೇ ಹೋಗುತ್ತಿತ್ತು. ಸಂಜೆ ಏಳಕ್ಕೆ ಮಾವನ ಫೋನು. ಆಸ್ಪತ್ರೆಯ ಹತ್ತಿರವೇ ಇದ್ದ ನಾದಿನಿಯ ಮನೆಯಲ್ಲಿ ಉಳಿದಿದ್ದರು, ದಿನಾ ಏಳಕ್ಕೆ ಫೋನು ಮಾಡುತ್ತಿದ್ದರು, ಮೊದಲು ಮಗಳ ಹತ್ತಿರ ಕಣ್ಣಿನ ಸುದ್ದಿ, ಆಮೇಲೆ ಅಳಿಯನ ಹತ್ತಿರ ಒಂದೇ ಪ್ರಶ್ನೆ. "ಹಡಗು ಹೇಗಿದೆ?" "ಇದ್ದ ಹಾಗೇ ಇದೆ ಮಾವ." ಹದಿನೆಂಟು ಸಂಜೆ, ಹದಿನೆಂಟು ಸಲ ಇದ್ದ ಹಾಗೇ ಇದೆ. ಐದಾರು ದಿನ ಕಳೆದ ಮೇಲೆ ಅದನ್ನು ಹೇಳುವಾಗ ಗಂಟಲು ಕೂಡ ಒಣಗುತ್ತಿರಲಿಲ್ಲ. ಅದೇ ಅವನಿಗೆ ಹೆಚ್ಚು ಹೇಸಿಗೆಯೆನಿಸಿದ್ದು.

"ಏನ್ರಿ ಅದು, ಬ್ರಷ್ಷು ಬಾಯಲ್ಲಿಟ್ಕೊಂಡು ಧ್ಯಾನ?" ಹೆಂಡತಿ ಒಗೆದ ಹಾಸಿಗೆ ಬಟ್ಟೆ ಹಿಡಿದುಕೊಂಡು ಹಿಂದೆ ಬಂದಿದ್ದಳು. ಅವನು ಪಕ್ಕಕ್ಕೆ ಸರಿದು ಜಾಗ ಕೊಟ್ಟ. ಅವಳು ಮಾವನ ಮಂಚಕ್ಕೆ ಬಟ್ಟೆ ಹಾಸುತ್ತ, ದಿಂಬು ತಟ್ಟುತ್ತ, ಹಡಗಿನ ಕಡೆ ಕತ್ತು ತಿರುಗಿಸಿ "ಪಾಪ, ಎಷ್ಟು ಕಾಯ್ತಿದಾರೋ ಇದನ್ನ ನೋಡೋಕೆ" ಅಂದಳು. ಅವಳ ಕಣ್ಣಿಗೆ ಏನೂ ಕಂಡಂತಿರಲಿಲ್ಲ. ಒಂದು ಕ್ಷಣ ಆಸೆಯಾಯಿತು. ಇವಳಿಗೆ ಕಾಣದ್ದು ಅವರಿಗೂ ಕಾಣದಿರಬಹುದಲ್ಲ? ಕಾಣದೆ? ನಾಲ್ಕು ಜನ ಅತಿಥಿಗಳು ಕೂತ ನಡುಮನೆಯಲ್ಲಿ ಅವನ ಬೂಟಿನ ಲೇಸು ಅಷ್ಟು ದೂರದಿಂದ ಕಂಡಿತ್ತಲ್ಲ ಆ ಮಹರಾಯರಿಗೆ, ಮದುವೆಯಾದ ಹೊಸದರಲ್ಲಿ. "ತಡಿ ತಡಿ, ಇದೇನು ಗಂಟೋ ಕಗ್ಗಂಟೋ?" ಎಂದು ಎಲ್ಲರೆದುರಿಗೆ ಮೊಣಕಾಲೂರಿ ಕೂತು, ಅವನ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಎರಡೂ ಲೇಸು ಬಿಚ್ಚಿ ಕಟ್ಟಿದ್ದರು. ಅಷ್ಟು ದೊಡ್ಡ ಮನುಷ್ಯರು ಕಾಲ ಬಳಿ ಕೂತಾಗ ಬೇಡ ಎನ್ನಲೂ ಆಗದೆ, ಹೂಂ ಎನ್ನಲೂ ಆಗದೆ, ಒಂಟಿ ಕಾಲಲ್ಲಿ ಗೋಡೆ ಹಿಡಿದು ನಿಂತಿದ್ದ. ಯಾರೋ ಹೆಂಗಸು ಕಿಸಕ್ಕೆಂದಿದ್ದಳು. ಆ ಗಂಟು ಸಂಜೆವರೆಗೆ ಸಡಿಲವಾಗಲಿಲ್ಲವೆನ್ನುವುದು ಬೇರೆ ಮಾತು. ಹದಿಮೂರು ವರ್ಷದಿಂದ ಒಂದೇ ಮನೆಯಲ್ಲಿ ಇದ್ದಾರೆ, ಅವರು ಅಗಿಯುವುದು ಅವನು ಮಾಡಿಕೊಟ್ಟ ಹಲ್ಲಿನ ಸೆಟ್ಟಿನಲ್ಲಿ. ಆದರೂ ಮೊಳೆ ಹೊಡೆಯುವ ಕೆಲಸವಿದ್ದರೆ ಪಕ್ಕದ ಮನೆಯವರನ್ನು ಕರೆಯುತ್ತಾರೆ. ಈ ಹದಿನೆಂಟು ದಿನ ಬೆಳಗ್ಗೆ ಐದಕ್ಕೆದ್ದು, ಹೆಂಡತಿಗೆ ವಾಕಿಂಗು ಎಂದು ಸುಳ್ಳು ಹೇಳಿ, ಬೂಟು ಕೈಯಲ್ಲಿ ಹಿಡಿದು ಈ ಕೋಣೆಗೆ ನುಸುಳಿ, ಹಲ್ಲಿನ ಕೆಲಸದ ಚಿಮಟ, ಹಲ್ಲಿನ ಕೆಲಸದ ಭೂತಗನ್ನಡಿ ಇಟ್ಟುಕೊಂಡು ಕೂತದ್ದು ಬರೀ ಹೆದರಿಕೆಯಿಂದ ಎಂದರೆ ಅದೂ ಸುಳ್ಳೇ. ಹತ್ತನೇ ದಿನದ ಹೊತ್ತಿಗೆ ಅವನಿಗೆ ಖುಷಿ ಬಂದುಬಿಟ್ಟಿತ್ತು. ದಾರಕ್ಕೆ ಮೇಣ ಹಚ್ಚುವುದು, ಹಿಂದೆ ಗೆರೆ ಎಳೆದ ರಟ್ಟು ಇಟ್ಟು ಸಾಲು ಸರಿಮಾಡಿಕೊಳ್ಳುವುದು, ಗಂಟು ಕೂತಾಗ ಬೆರಳಿಗೆ ತಿಳಿಯುವ ಆ ಸಣ್ಣ ಕಚ್ಚು. ಮಾವ ನೋಡಿ ಗುರುತೇ ಹಿಡಿಯದಿದ್ದರೆ! ತಾವೇ ಕಟ್ಟಿದ್ದೆಂದು ತಿಳಿದು ಬೆನ್ನು ತಟ್ಟಿಕೊಂಡರೆ! ಅವನಿಗೆ ಮಾತ್ರ ಗೊತ್ತಿರುವ ಆ ಗೆಲುವನ್ನು ಸಾಯುವವರೆಗೆ ಬಾಯಲ್ಲಿಟ್ಟುಕೊಂಡು ಚಪ್ಪರಿಸಬಹುದೆಂದು ಕೂಡ ಲೆಕ್ಕ ಹಾಕಿದ್ದ. ನಾಚಿಕೆಗೇಡು.

ಅವಳು ಹೋದ ಮೇಲೆ ಬಾಗಿಲು ಮುಂದೆ ಮಾಡಿ ಹತ್ತಿರ ಹೋಗಿ ನೋಡಿದ. ಹತ್ತಿರದಿಂದ ಎಲ್ಲ ಚೊಕ್ಕ. ಒಂದೊಂದು ಗಂಟೂ ಎಷ್ಟು ಬಿಗಿ! ಬಿಗಿ ಎಂದು ಅಂದುಕೊಂಡ ಕೂಡಲೇ ತಪ್ಪು ಎಲ್ಲಿ ಎಂದು ಹೊಳೆಯಿತು. ಹಲ್ಲಿನ ಸೆಟ್ಟು ಮಾಡುವ ಅವನ ಕಸುಬಿನಲ್ಲಿ ಸಡಿಲ ಎನ್ನುವುದು ಬೈಗುಳ. ತಂತಿ ಒಂದು ಕೂದಲೆಳೆಯಷ್ಟು ಸಡಿಲವಾದರೆ ಸೆಟ್ಟು ನಾಲ್ಕು ಜನರ ಮುಂದೆ ತಟ್ಟೆಗೆ ಬೀಳುತ್ತದೆ. ಇಪ್ಪತ್ತೆರಡು ವರ್ಷ ಬಿಗಿ ಮಾಡಿ ಮಾಡಿ ಕೈಗೆ ಬೇರೆ ಗೊತ್ತಿಲ್ಲ. ಪ್ರತಿ ಗಂಟನ್ನೂ ಹಾಕಿ, ಚಿಮಟದಿಂದ ಹಿಡಿದು, ಇನ್ನೊಂದಿಷ್ಟು ಎಳೆದಿದ್ದ. ಪ್ರತಿ ಎಳೆತಕ್ಕೂ ಅಂಚಿನ ಹಗ್ಗ ಕಣ್ಣಿಗೆ ಕಾಣದಷ್ಟು ಒಳಕ್ಕೆ ಬಂದಿತ್ತು. ಗಂಟೆ ನೋಡಿದ, ಹತ್ತಾಗಲು ಹತ್ತು ನಿಮಿಷ. ಎಲ್ಲ ಕತ್ತರಿಸಿ ಮತ್ತೆ ಕಟ್ಟಲು ಹದಿನೆಂಟು ದಿನ ಬೇಕು. ಹಾಗಾದರೆ ಕತ್ತರಿಸಿ ಬಿಟ್ಟುಬಿಡುವುದು, ಪಕ್ಕದ ಮನೆ ಬೆಕ್ಕು ಬಂದಿತ್ತು ಅನ್ನುವುದು. ಆದರೆ ಬೆಕ್ಕು ಬರಲು ಕಿಟಕಿ ತೆರೆದಿರಬೇಕು, ಕಿಟಕಿ ತೆರೆದಿಟ್ಟವನು ಯಾರು? ಬೆಕ್ಕು ಬಾಗಿಲಿಂದ ಬಂತು ಎನ್ನಬಹುದು. ಬಂದು, ಆರು ಹಗ್ಗವನ್ನು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಕಚ್ಚಿ, ಹೋಯಿತೇ? ಅವನಿಗೇ ನಗು ಬಂತು. ನಗುತ್ತಲೇ ಕತ್ತರಿ ತೆಗೆದುಕೊಂಡ, ಅಂಚಿನ ಹಗ್ಗಕ್ಕೆ ಅದರ ಬಾಯಿ ಹಿಡಿದ, ಆದರೆ ಕೈ ಬರಲಿಲ್ಲ. ಅದು ಮಾವನ ಹಡಗು ಎಂದಲ್ಲ. ತಾನು ಕಟ್ಟಿದ್ದು ಎಂದು. ಹಾಗೆ ನಿಂತಿರುವಾಗಲೇ ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದಾಯಿತು. ಒಂದು ಗಂಟೆ ಮುಂಚೆ! ಈ ಮನುಷ್ಯ ಯಾವತ್ತು ಹೇಳಿದ ಹೊತ್ತಿಗೆ ಬಂದಿದ್ದಾರೆ?

ಕಪ್ಪು ಕನ್ನಡಕ ಹಾಕಿಕೊಂಡು ಇಳಿದ ಮಾವ ಮೆಟ್ಟಿಲು ಹತ್ತುವ ಮೊದಲು ಗೋಡೆ ನೋಡಿದರು. "ಇದಕ್ಕೆ ಹಸಿರು ಬಣ್ಣ ಹೊಡೆಸಿದ್ದು ಯಾರು?" "ನೀವೇ ಅಪ್ಪ, ನೀಲಿ ಅಂದ್ಕೊಂಡು," ಎಂದಳು ಮಗಳು. ಒಳಗೆ ಬಂದು ಕನ್ನಡಕ ತೆಗೆದು ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು "ಪುಟ್ಟಿ, ನಿನಗೆ ಕೂದಲು ಬೆಳ್ಳಗಾಗಿದೆಯಲ್ಲೇ!" ಎಂದು ಮಗು ಬಿದ್ದದ್ದನ್ನು ಕಂಡಷ್ಟು ಗಾಬರಿಯಿಂದ ಹೇಳಿದರು. ಆಮೇಲೆ ಅವನ ಕಡೆ ತಿರುಗಿದರು. ಅವನು ಪೆಟ್ಟಿಗೆ ಹಿಡಿದು ನಿಂತಿದ್ದ. ಆ ತೊಳೆದಿಟ್ಟಂಥ ಕಣ್ಣುಗಳು ಅವನ ನೆತ್ತಿಯಿಂದ ಗಲ್ಲದವರೆಗೆ ಇಳಿದವು. "ನಿನ್ನ ಮೂಗು ಇಷ್ಟು ಉದ್ದ ಅಂತ ಗೊತ್ತೇ ಇರ್ಲಿಲ್ಲ ನೋಡು," ಎಂದರು. ಎಲ್ಲರೂ ನಕ್ಕರು. ಸ್ವಲ್ಪ ಮಲಗಿ ಮಾವ, ದಣಿದಿದ್ದೀರಿ, ಎಂದು ಅವನು ಹೇಳಬೇಕೆನ್ನುವಷ್ಟರಲ್ಲಿ ಅವರು ಗೋಡೆ ಮುಟ್ಟದೆ, ಬಾಗಿಲ ಚೌಕಟ್ಟು ತಡವದೆ, ನೆಟ್ಟಗೆ ತಮ್ಮ ಕೋಣೆಯ ಕಡೆ ನಡೆದುಬಿಟ್ಟರು. ಅವನು ಹಿಂದೆಯೇ ಹೋದ. ಹೋಗದೆ ಏನು ಮಾಡುವುದು, ನೇಣಿಗೆ ಹೋಗುವವನೂ ನಡೆದೇ ಹೋಗಬೇಕಲ್ಲ.

ಅವನು ಬೆಳಗ್ಗೆ ನಿಂತ ಜಾಗದಲ್ಲಿಯೇ ನಿಂತರು. ಮುಖದಲ್ಲಿ ಆಗಲೇ ಅರ್ಧ ನಗು ಸಿದ್ಧವಾಗಿತ್ತು. ಮುಂದಿನ ಕಂಬ ನೋಡಿದರು, ನಡುವಿನದು ನೋಡಿದರು, ಕಣ್ಣು ಹಿಂದಿನದಕ್ಕೆ ಬಂತು. ಆ ಅರ್ಧ ನಗು ಅಲ್ಲೇ ಉಳಿಯಿತು, ಅದನ್ನು ತೆಗೆಯಬೇಕೆನ್ನುವುದೇ ಮರೆತವರ ಹಾಗೆ. ಈಗ ತಿರುಗುತ್ತಾರೆ, ಈಗ ಗುಡುಗುತ್ತಾರೆ ಎಂದು ಅವನು ಹಲ್ಲು ಕಚ್ಚಿ ಕಾದ. ಮಾವ ತಿರುಗಲಿಲ್ಲ. ನಿಧಾನವಾಗಿ ಹೋಗಿ ಮಂಚದ ಮೇಲೆ, ಹೊಸದಾಗಿ ಹಾಸಿದ ಬಟ್ಟೆಯ ತುದಿಯಲ್ಲಿ ಕೂತರು. "ಹೋಯ್ತು," ಎಂದರು.

"ಏನು ಮಾವ?"

"ಕೈ. ನೋಡಲ್ಲಿ, ಹೇಗೆ ಎಳೆದು ಹಾಕಿದೀನಿ. ಕೆಲಸಕ್ಕೆ ಸೇರಿ ವಾರ ಆದೋನೂ ಹೀಗೆ ಕಟ್ಟಲ್ಲ." ಬೈಗುಳವಿಲ್ಲದ, ಏರಿಳಿತವಿಲ್ಲದ ಆ ದನಿಯನ್ನು ಹದಿಮೂರು ವರ್ಷದಲ್ಲಿ ಅವನು ಕೇಳಿರಲಿಲ್ಲ. "ಕಣ್ಣಿನ ದೋಷ ಅಂದ್ಕೊಂಡಿದ್ದೆ. ಕಣ್ಣು ಬಂತು, ಈಗ ಕೈ ಹೋಗಿರೋದು ಕಾಣಿಸ್ತಿದೆ. ಒಂದು ಬಟ್ಟೆ ಮುಚ್ಚಿಬಿಡು ಅದಕ್ಕೆ. ಯಾರಿಗಾದ್ರೂ ಬೇಕಿದ್ರೆ ಕೊಟ್ಬಿಡೋಣ."

ಅವನಿಗೆ ಮೊದಲು ಆದದ್ದು ಏನೆಂದರೆ, ಬಿಡುಗಡೆ. ಮುಚ್ಚಿಡುವುದೇನು, ಮಂಡಿಯವರೆಗೆ ನೀರಿನಂತೆ ಇಳಿದುಹೋದ ಬಿಡುಗಡೆ. ಬದುಕಿಕೊಂಡೆ! ಯಾರಿಗೂ ಗೊತ್ತಾಗಲಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ಬಟ್ಟೆ ಮುಚ್ಚಿಬಿಟ್ಟರೆ ಆಯಿತು, ಅವರೇ ಹೇಳಿದ್ದಾರೆ. ಅವನು ಬಟ್ಟೆಗಾಗಿ ಕಪಾಟಿನ ಕಡೆ ಎರಡು ಹೆಜ್ಜೆ ಇಟ್ಟದ್ದೂ ನಿಜ. ಅಷ್ಟರಲ್ಲಿ ಹೆಂಡತಿ ಚಹಾ ತಂದಳು. "ತಗೊಳಿ ಅಪ್ಪ." "ಅಲ್ಲಿಡು." "ಬಿಸಿ ಇದೆ, ಹಿಡ್ಕೊಳ್ಳಿ." "ಅಲ್ಲಿಡು ಅಂದ್ನಲ್ಲ ಮಗಳೇ." ಅವಳು ಲೋಟವನ್ನು ಮೇಜಿನ ಮೇಲಿಟ್ಟು, ಗಂಡನ ಮುಖ ನೋಡಿ, ಏನಾಯಿತು ಎಂದು ಹುಬ್ಬಿನಲ್ಲೇ ಕೇಳಿ, ಅಡುಗೆಮನೆಗೆ ಹೋದಳು. ಮಾವ ತಮ್ಮ ಎರಡೂ ಕೈಗಳನ್ನು ತೊಡೆಗಳ ಕೆಳಗೆ ಇಟ್ಟುಕೊಂಡು ಕೂತಿದ್ದರು. ಬೈಸಿಕೊಂಡ ಮಗು ಕೂರುವ ಹಾಗೆ, ಕೈಗಳ ಮೇಲೆ. ಯಾರ ತೊಡೆಯ ಮೇಲೆ ಅವನ ಕಾಲಿತ್ತೋ, ಯಾರು ಅವನ ಲೇಸನ್ನು ಎಳೆದು ಕಟ್ಟಿದ್ದರೋ, ಅವರ ಕೈ. ಅವನು ಹದಿಮೂರು ವರ್ಷ ಈ ಮನುಷ್ಯ ಒಮ್ಮೆಯಾದರೂ ಸೋಲಲಿ ಎಂದು ಹಾರೈಸಿದ್ದ. ಈಗ ಸೋತು ಕೂತಿದ್ದಾರೆ, ಅದೂ ತನ್ನ ಸೋಲನ್ನು ಹೊತ್ತುಕೊಂಡು. ನೋಡಲಾಗಲಿಲ್ಲ. ಚೀ, ಎಂದು ತನಗೆ ತಾನೇ ಅಂದುಕೊಂಡದ್ದು ಹೊರಗೇ ಕೇಳಿಸಿರಬೇಕು, ಮಾವ ತಲೆಯೆತ್ತಿದರು.

"ಅದು ನಿಮ್ಮ ಕೈ ಅಲ್ಲ ಮಾವ. ನಂದು."

"ಏನು ನಿಂದು?"

"ಕಟ್ಟಿದ್ದು. ಮುರಿದಿದ್ದೂ ನಾನೇ. ಕಿಟಕಿ ಹಾಕೋಕೆ ಹೋದೆ, ಅಂಗಿ ಗುಂಡಿ ಸಿಕ್ಕಾಕ್ಕೊಂಡ್ತು. ಪೂರ್ತಿ ಕಿತ್ಕೊಂಡು ಬಂತು. ಆಮೇಲೆ ದಿನಾ ಬೆಳಗ್ಗೆ ಕೂತು..." ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ವಾಕಿಂಗು ಅಂತ ಅವಳಿಗೂ ಸುಳ್ಳು ಹೇಳಿದೀನಿ."

ಮಾವ ಅವನನ್ನೇ ನೋಡಿದರು. ನೋಡಿ, ತಲೆಯಾಡಿಸಿ, ಮೆತ್ತಗೆ ನಕ್ಕರು. "ಒಳ್ಳೇ ಹುಡುಗ ನೀನು. ನನ್ನ ಸಮಾಧಾನಕ್ಕೆ ಹೇಳ್ತಿದೀಯ."

"ಇಲ್ಲ ಮಾವ! ನಿಜವಾಗ್ಲೂ ನಾನೇ!"

"ಇರ್ಲಿ ಬಿಡು. ಹೀಗೆ ಹೇಳ್ಬೇಕು ಅಂತ ನಿನಗೆ ಅನ್ನಿಸ್ತಲ್ಲ, ಅಷ್ಟು ಸಾಕು."

ಇದೊಳ್ಳೇ ಫಜೀತಿ! ತಪ್ಪೊಪ್ಪಿಕೊಂಡರೆ ನಂಬುವವರಿಲ್ಲ. ಒಳ್ಳೆಯವನೆಂದು ಒಂದು ಸಲ ಅನ್ನಿಸಿಕೊಳ್ಳಲು ಹದಿಮೂರು ವರ್ಷ ಕಾದವನಿಗೆ ಈಗ ಆ ಮಾತು ಮೈಗೆ ಮುಳ್ಳಾಯಿತು. ಅವನು ಮೇಜಿನ ಬಳಿ ಹೋಗಿ, ಹಡಗನ್ನು ಅದರ ಪೀಠದ ಸಮೇತ, ಉಸಿರು ಬಿಗಿಹಿಡಿದು, ತೋಳು ಮೈಯಿಂದ ದೂರ ಇಟ್ಟುಕೊಂಡು, ತಿರುಗಿಸಿದ. ಬಲಮಗ್ಗುಲು ಈಚೆಗೆ ಬಂತು. "ಇದನ್ನ ನಾನು ಮುಟ್ಟಿಲ್ಲ. ಅದೇ ವಾರ ನೀವು ಕಣ್ಣುಮುಚ್ಚಿ ಕಟ್ಟಿದ್ದು. ನೋಡಿ." ಆರು ಹಗ್ಗಗಳು ಕಂಬದ ತಲೆಯಿಂದ ಅಂಚಿನವರೆಗೆ ಸ್ಕೇಲಿಟ್ಟು ಎಳೆದ ಹಾಗೆ ಇಳಿದಿದ್ದವು. ಇಪ್ಪತ್ತು ಸಾಲು, ಒಂದೂ ಬಾಗಿಲ್ಲ, ಒಂದೂ ಜೋತಿಲ್ಲ. ಹದಿನೆಂಟು ದಿನ ಈ ಮಗ್ಗುಲನ್ನು ಮಾದರಿಯಾಗಿಟ್ಟುಕೊಂಡೇ ಕೆಲಸ ಮಾಡಿದ್ದರೂ ಅದು ಎಷ್ಟು ಚೆನ್ನಾಗಿದೆಯೆಂದು ಅವನಿಗೂ ಕಂಡದ್ದು ಈಗಲೇ.

ಮಾವ ಎದ್ದು ಬಂದರು. ಬಗ್ಗಿ ನೋಡಿದರು. ತುಟಿ ಅಲುಗುತ್ತಿತ್ತು, ಸಾಲು ಎಣಿಸುತ್ತಿದ್ದರು. ಆಮೇಲೆ ಹಡಗನ್ನು ತಾವೇ ಮತ್ತೆ ಎಡಮಗ್ಗುಲಿಗೆ ತಿರುಗಿಸಿ, ಈ ಸಲ ಮೂಗು ತಾಗುವಷ್ಟು ಹತ್ತಿರ ಹೋಗಿ ಒಂದು ಗಂಟನ್ನು ನೋಡಿದರು, ಪಕ್ಕದ್ದನ್ನು ನೋಡಿದರು, ಉಗುರಿನ ತುದಿಯಿಂದ ಒಂದನ್ನು ಸವರಿದರು. "ನೀನು ಎಡಚ ಅಲ್ವಾ?" ಎಂದರು, ತಲೆಯೆತ್ತದೆ.

"ಹೌದು."

"ಎಲ್ಲಾ ಉಲ್ಟಾ ಸುತ್ತಿದೀಯಲ್ಲೋ! ಒಂದಾದ್ರೂ ಬಲಕ್ಕೆ ತಿರುಗಿದ್ಯಾ ನೋಡು, ಒಂದಾದ್ರೂ!" ದನಿ ಏರತೊಡಗಿತ್ತು. "ಕಟ್ಟೋವಾಗ ಅಡ್ಡಕಡ್ಡಿ ಕಟ್ಟಿದ್ಯಾ ಹಗ್ಗ ಹತ್ತಿರ ಬರದ ಹಾಗೆ?"

"ಯಾವ ಕಡ್ಡಿ?"

"ಯಾವ ಕಡ್ಡಿ! ಯಾವ ಕಡ್ಡಿ ಅಂತೆ! ಅದಿಲ್ದೆ ಯಾವನಾದ್ರೂ ಕಟ್ತಾನಾ? ಎಮ್ಮೆ ಕಟ್ಟೋ ಹಾಗೆ ಜಗ್ಗಿದೀಯಲ್ಲೋ ಮಹರಾಯ, ಬುದ್ಧಿ ಎಲ್ಲಿಟ್ಟಿದ್ದೆ?" ಮಾವ ನೆಟ್ಟಗೆ ನಿಂತಿದ್ದರು. ಕೆನ್ನೆ ಕೆಂಪಾಗಿತ್ತು, ಬಯ್ಯುತ್ತ ಬಯ್ಯುತ್ತಲೇ ಚಹಾದ ಲೋಟವನ್ನು ಎತ್ತಿ ಒಂದು ಗುಟುಕು ಕುಡಿದರು, ಒಂದು ಹನಿ ಚೆಲ್ಲಲಿಲ್ಲ. "ಗಂಟು ಮಾತ್ರ ಗಂಟೇ," ಎಂದು ನಡುವೆ ಗೊಣಗಿದರು, ತಮಗೇ ಹೇಳಿಕೊಳ್ಳುವ ಹಾಗೆ. ಆಮೇಲೆ ಮತ್ತೆ ಶುರುಮಾಡಿದರು. ಅವನು ತಲೆತಗ್ಗಿಸಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ. ಇಷ್ಟು ದಿನದಲ್ಲಿ ಮೊದಲ ಸಲ ಹೊಟ್ಟೆತುಂಬ ಉಸಿರು ಹೋಗುತ್ತಿತ್ತು, ಬರುತ್ತಿತ್ತು. ಮಾವ ಬಾಗಿಲಿಗೆ ಹೋಗಿ ಚೌಕಟ್ಟು ಹಿಡಿದು, ಅಡುಗೆಮನೆಯ ಕಡೆಗೆ, ಪರೀಕ್ಷೆ ಪಾಸಾಗಿ ಬಂದವರ ಹಾಗೆ ಕೂಗಿದರು.

"ಪುಟ್ಟೀ! ಏ ಪುಟ್ಟೀ! ಬೇಗ ಬಾ ಇಲ್ಲಿ! ನಿನ್ನ ಗಂಡ ನನ್ನ ಹಡಗು ಮುರಿದು ಹಾಕಿದಾನೆ!"